ಮರುಭೂಮಿ ನಡಿಗೆ: ನೀರಿನ ಲೆಕ್ಕ ಮೊದಲು, ದಾರಿ ಆಮೇಲೆ

ಪ್ರಶ್ನೆ: ನಾವು ಗೌರಿಬಿದನೂರಿನ ಐದು ಜನ ಗೆಳೆಯರು. ನಂದಿಬೆಟ್ಟ, ಸ್ಕಂದಗಿರಿ, ಮಧುಗಿರಿ, ಅಂತರಗಂಗೆ ಎಲ್ಲಾ ಹತ್ತಿ ಆಗಿದೆ. ಬರುವ ಜನವರಿಯಲ್ಲಿ ಜೈಸಲ್ಮೇರ್ ಕಡೆ ಥಾರ್ ಮರುಭೂಮಿಯಲ್ಲಿ ಐದು ದಿನ, ಸುಮಾರು 100 ಕಿ.ಮೀ. ನಡೆಯಬೇಕು ಅಂತಿದ್ದೇವೆ. ಒಂಟೆ, ಗೈಡ್ ಯಾವುದೂ ಬೇಡ, ನಮ್ಮ ಸಾಮಾನು ನಾವೇ ಹೊರಬೇಕು ಅನ್ನೋ ಆಸೆ. ಒಬ್ಬರಿಗೆ ಎಷ್ಟು ನೀರು ಬೇಕು? ದಾರಿಗೆ ಮೊಬೈಲ್ ಮ್ಯಾಪ್ ಸಾಕಾ? ಭಾವ ದುಬೈನಲ್ಲಿದ್ದಾರೆ, ಅವರ ಹತ್ತಿರ ಸ್ಯಾಟಲೈಟ್ ಫೋನ್ ಇದೆ, ತರಿಸಿಕೊಳ್ಳಬಹುದಾ? ನಮ್ಮಲ್ಲಿ ಒಬ್ಬರಿಗೆ 52 ವರ್ಷ, ಬಿ.ಪಿ. ಮಾತ್ರೆ ತಗೊಳ್ತಾರೆ.

ಉತ್ತರ: ಜನವರಿ ಅಂತ ಆರಿಸಿಕೊಂಡಿದ್ದೀರಲ್ಲ, ಅಲ್ಲೇ ಅರ್ಧ ಅಪಾಯ ಕಳೆಯಿತು. ಜೈಸಲ್ಮೇರ್‌ನಲ್ಲಿ ಆಗ ಹಗಲು 23–24 ಡಿಗ್ರಿ ಇರುತ್ತದೆ, ನಡೆಯೋಕೆ ಹಿತ. ರಜೆ ಸಿಗಲಿಲ್ಲ ಅಂತ ಏಪ್ರಿಲ್, ಮೇಗೆ ಮಾತ್ರ ತಳ್ಳಬೇಡಿ. 2016ರ ಮೇ 19ರಂದು ಅಲ್ಲೇ ಪಕ್ಕದ ಫಲೋದಿಯಲ್ಲಿ 51 ಡಿಗ್ರಿ ದಾಖಲಾಯಿತು. ಅಂಥ ಬಿಸಿಲಿನಲ್ಲಿ ಎಷ್ಟೇ ತಯಾರಿ ಮಾಡಿಕೊಂಡು ಹೋದರೂ ಹೊರೆ ಹೊತ್ತು ನಡೆಯೋದು ಪ್ರಾಣದ ಜೊತೆ ಆಟ. ನವೆಂಬರ್ ನಡುವಿನಿಂದ ಫೆಬ್ರವರಿ ಮುಗಿಯೋವರೆಗೆ, ಅಷ್ಟೇ ಅವಧಿ.

ಆದರೆ ನಿಮ್ಮ ಯೋಜನೆಯ ಉಳಿದರ್ಧವನ್ನು ನಾನು ಒಪ್ಪೋದಿಲ್ಲ. ಯಾಕೆ ಅಂತ ಕಿಲೋ ಲೆಕ್ಕದಲ್ಲೇ ಹೇಳುತ್ತೇನೆ.

ಚಳಿಗಾಲದಲ್ಲೂ ದಿನವಿಡೀ ಹೊರೆ ಹೊತ್ತು ನಡೆಯುವವರಿಗೆ ಕುಡಿಯೋಕೆ ನಾಲ್ಕು ಲೀಟರ್ ಆದರೂ ಬೇಕು. ಅಡುಗೆಗೆ ಒಂದು, ಒಂದೂವರೆ ಲೀಟರ್. ಚೆಲ್ಲಿದ್ದು, ಸೋರಿದ್ದು, ಬಾಯಿ ತೊಳೆದದ್ದು ಸೇರಿಸಿ ಆರು ಲೀಟರ್ ಅಂತಿಟ್ಟುಕೊಳ್ಳಿ. ಐದು ದಿನಕ್ಕೆ ಒಬ್ಬರಿಗೆ 30 ಲೀಟರ್, ಅಂದರೆ 30 ಕಿಲೋ. ಮಲಗೋ ಚೀಲ, ಬೆಚ್ಚಗಿನ ಬಟ್ಟೆ, ಟೆಂಟಿನ ಪಾಲು, ಊಟದ ಸಾಮಾನು, ಸ್ಟೋವ್ ಎಲ್ಲಾ ಸೇರಿ ಇನ್ನೊಂದು ಹನ್ನೆರಡು ಕಿಲೋ. ಒಟ್ಟು 42 ಆಯಿತು. 60 ಕಿಲೋ ತೂಕದ ಮನುಷ್ಯ ಮರಳಿನಲ್ಲಿ ದಿನವಿಡೀ ಹೊರಬಹುದಾದದ್ದು 15 ಕಿಲೋ, ತೀರಾ ಗಟ್ಟಿಗನಾದರೆ ಸ್ವಲ್ಪ ಜಾಸ್ತಿ. ಹಾಗಾಗಿ ಬೆನ್ನ ಮೇಲೆ ಹೋಗೋದು ಅರ್ಧ ದಿನದ ನೀರು. ಬೇರೆ ಸಾಮಾನು ತೀರಾ ಕಡಿಮೆ ಮಾಡಿದರೆ ಒಂದು ದಿನದ್ದು. ಉಳಿದ ನಾಲ್ಕು ದಿನದ ನೀರನ್ನು ಬೇರೆ ಯಾರೋ, ಬೇರೆ ಏನೋ ತರಲೇಬೇಕು.

ಅದಕ್ಕೇ ನಾನು ಯಾರೇ ಕೇಳಿದರೂ ಮೊದಲು ನೀರಿನ ಜಾಗಗಳನ್ನು ಗುರುತು ಹಾಕಿಸುತ್ತೇನೆ. ಬೆಟ್ಟದಲ್ಲಿ ನಾವು ಮೊದಲು ದಾರಿ ನೋಡುತ್ತೇವೆ, ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೊರಡುತ್ತೇವೆ. ಮರುಭೂಮಿಯಲ್ಲಿ ಈ ಕ್ರಮ ತಿರುಗಿಸಬೇಕು. ಒಂದು ನೀರಿನ ಜಾಗದಿಂದ ಇನ್ನೊಂದಕ್ಕೆ ಒಂದು ಹಗಲಿನಲ್ಲಿ ತಲುಪಬಹುದಾ? ಆ ಜಾಗದಲ್ಲಿ ನೀರಿದೆ ಅಂತ ಈ ವಾರದಲ್ಲಿ ಕಣ್ಣಾರೆ ನೋಡಿದವರು ಯಾರು? ಈ ಎರಡಕ್ಕೂ ಉತ್ತರ ಸಿಕ್ಕಮೇಲೆ ಉಳಿಯುವುದೇ ನಿಮ್ಮ ದಾರಿ. ಅದು 100 ಕಿ.ಮೀ. ಆಗಲಿಕ್ಕಿಲ್ಲ. ಆಗಬೇಕಾಗಿಯೂ ಇಲ್ಲ.

ದೂರದ ವಿಷಯಕ್ಕೆ ಬಂದರೆ, ಒಣ ಮರಳಿನಲ್ಲಿ ನಡೆಯೋಕೆ ಗಟ್ಟಿ ನೆಲಕ್ಕಿಂತ ಎರಡರಿಂದ ಎರಡೂವರೆ ಪಟ್ಟು ಶಕ್ತಿ ಬೇಕು ಅಂತ ಅಳೆದು ನೋಡಿದ್ದಾರೆ. ಪ್ರತಿ ಹೆಜ್ಜೆಯಲ್ಲೂ ಮರಳು ಹಿಂದಕ್ಕೆ ಜಾರುತ್ತದೆ, ಹಾಕಿದ ಬಲ ಅಲ್ಲೇ ಕರಗುತ್ತದೆ. ಸ್ಕಂದಗಿರಿಯಲ್ಲಿ ನಿಮ್ಮ ವೇಗ ಎಷ್ಟೇ ಇರಲಿ, ದಿಬ್ಬಗಳಲ್ಲಿ ಗಂಟೆಗೆ ಎರಡು, ಎರಡೂವರೆ ಕಿ.ಮೀ. ಅಂತಲೇ ಲೆಕ್ಕ ಹಾಕಿ. ಸಮಾಧಾನದ ವಿಷಯ ಅಂದರೆ ಥಾರ್ ಪೂರ್ತಿ ದಿಬ್ಬವೇ ಅಲ್ಲ. ಕಲ್ಲು ಹರಡಿದ ಬಯಲು, ಕುರುಚಲು, ಹೊಲ ಎಲ್ಲಾ ಇದೆ. ದಿಬ್ಬ ದಾಟಲೇಬೇಕಾದರೆ ಗಾಳಿ ಬೀಸುವ ಕಡೆಯ ಇಳಿಜಾರು ಹಿಡಿಯಿರಿ, ಅಲ್ಲಿ ಮರಳು ಒತ್ತಿಕೊಂಡು ಸ್ವಲ್ಪ ಗಟ್ಟಿಯಾಗಿರುತ್ತದೆ. ಮರೆಯ ಕಡೆ ಕಡಿದಾಗಿ, ಸಡಿಲವಾಗಿ ಬಿದ್ದಿರುತ್ತದೆ, ಮೊಣಕಾಲೇ ಹೂತುಹೋದ ಹಾಗಾಗುತ್ತದೆ.

ನನ್ನ ಸಲಹೆ ಇಷ್ಟು. ನಾಲ್ಕು ದಿನ ಇಡಿ, ದಿನಕ್ಕೆ ಹನ್ನೆರಡು ಕಿ.ಮೀ. ಮೀರಬೇಡಿ. ಜೈಸಲ್ಮೇರ್‌ನ ನೈಋತ್ಯಕ್ಕೆ ಕುಲಧರಾ, ಖಾಬಾ, ಖುರಿ ಕಡೆ ಹಳ್ಳಿಯಿಂದ ಹಳ್ಳಿಗೆ ಸಂಜೆ ಮುಟ್ಟುವಂತೆ ಸ್ಥಳೀಯರ ಜೊತೆ ಕೂತು ದಾರಿ ಹಾಕಿ. ಎರಡು ಒಂಟೆ, ಅದನ್ನು ನಡೆಸುವವರು ಜೊತೆಗಿರಲಿ. ಒಂದು ಒಂಟೆ ನೂರು, ನೂರೈವತ್ತು ಕಿಲೋ ಆರಾಮಾಗಿ ಹೊರುತ್ತದೆ. ಐದು ಜನಕ್ಕೆ ದಿನಕ್ಕೆ 30 ಲೀಟರ್, ಒಂಟೆಯವರದ್ದು ಬೇರೆ, ಅದರ ಮೇಲೆ ಒಂದು ಪೂರ್ತಿ ದಿನದ ಮೀಸಲು. ಒಂಟೆ ಬೇಡವೇ ಬೇಡ ಅಂತಿದ್ದರೆ ಜೀಪು ದಾರಿಗೆ ಬಂದು ಸೇರುವ ಜಾಗ ಗೊತ್ತುಮಾಡಿ, ಪ್ರತಿ ಸಂಜೆ ಅಲ್ಲಿ ನೀರು ತಗೊಳ್ಳಿ. ಮುಂಚೆಯೇ ಕ್ಯಾನ್‌ಗಳನ್ನು ಮರಳಿನಲ್ಲಿ ಹೂತಿಟ್ಟು ಬರೋ ಉಪಾಯ ಬೇಡ. ಗಾಳಿಗೆ ಗುರುತು ಅಳಿಸುತ್ತದೆ, ಆಡು ಮೇಯಿಸುವವರು ಕಂಡರೆ ತೆಗೆದುಕೊಳ್ಳುತ್ತಾರೆ, ಅವರದ್ದೇನೂ ತಪ್ಪಿಲ್ಲ.

ಸಹಾಯ ತಗೊಂಡರೆ ಸಾಹಸ ಕಡಿಮೆಯಾಯಿತು ಅನ್ನೋ ಭಾವನೆ ಹುಡುಗರಲ್ಲಿ ಇದೆ, ಗೊತ್ತು. ಆದರೆ ಆ ನೆಲದಲ್ಲಿ ತಲೆಮಾರುಗಳಿಂದ ಬದುಕಿದವರೂ ಒಂಟೆ ಇಲ್ಲದೆ, ಮುಂದಿನ ನೀರು ಎಲ್ಲಿ ಅಂತ ತಿಳಿಯದೆ ಹೊರಟವರಲ್ಲ. ಅವರ ಜೊತೆ ನಡೆದರೆ ಯಾವ ದಿಬ್ಬದ ಹಿಂದೆ ಯಾವ ಊರು, ಯಾವ ಬಾವಿಯ ನೀರು ಸಿಹಿ ಅನ್ನೋದನ್ನು ಕಲಿತು ಬರುತ್ತೀರಿ.

ಇನ್ನು ನೀರನ್ನು ಒಯ್ಯುವ ರೀತಿ. ದೊಡ್ಡ 20 ಲೀಟರ್ ಕ್ಯಾನ್ ಎರಡು ಅಂತ ಇಟ್ಟುಕೊಳ್ಳಬೇಡಿ, ಒಂದು ಒಡೆದರೆ ಐದು ಜನರ ದಿನದ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಹೋಯಿತು. ಐದು ಲೀಟರ್‌ನ ದಪ್ಪ ಪ್ಲಾಸ್ಟಿಕ್ ಕ್ಯಾನ್‌ಗಳು ಒಳ್ಳೆಯದು. ಹೊರಡೋ ಹಿಂದಿನ ರಾತ್ರಿ ಎಲ್ಲವನ್ನೂ ತುಂಬಿ, ಮುಚ್ಚಳ ತಿರುಗಿಸಿ, ಒಣ ಸಿಮೆಂಟ್ ನೆಲದ ಮೇಲೆ ತಲೆಕೆಳಗಾಗಿ ಇಡಿ. ಬೆಳಗ್ಗೆ ಯಾವುದರ ಕೆಳಗೆ ಒದ್ದೆ ಗುರುತು ಕಾಣುತ್ತದೋ ಅದನ್ನು ಅಲ್ಲೇ ಬಿಟ್ಟುಬಿಡಿ. ಮುಚ್ಚಳದ ಒಳಗಿನ ತೆಳ್ಳನೆ ವಾಷರ್‌ಗೆ ಮರಳು ಕಣ ಸಿಕ್ಕರೂ ಸೋರುತ್ತದೆ, ಅದಕ್ಕೆ ದಾರಿಯಲ್ಲಿ ತೆರೆದಾಗಲೆಲ್ಲ ಬೆರಳಿನಿಂದ ಒರೆಸಿ ಮುಚ್ಚಿ. ಇದರ ಹೊರತಾಗಿ ಪ್ರತಿಯೊಬ್ಬರ ಚೀಲದಲ್ಲೂ ಸೀಲ್ ಒಡೆಯದ ಎರಡು ಲೀಟರ್ ಇರಲಿ. ಅದನ್ನು ದಾರಿ ತಪ್ಪಿದರೆ ಮಾತ್ರ ಮುಟ್ಟಬೇಕು. ದಿನದ ನೀರು ಅರ್ಧ ಮುಗಿದಾಗ ಅರ್ಧ ದಾರಿ ಸಾಗಿಲ್ಲ ಅಂದರೆ ಆವತ್ತಿನ ಗುರಿ ಬಿಟ್ಟು ವಾಪಸ್ ತಿರುಗಿ, ಇಲ್ಲಾ ಜೀಪಿನವರಿಗೆ ಫೋನ್ ಮಾಡಿ. ಈ ನಿಯಮವನ್ನು ಊರಲ್ಲೇ, ಎಲ್ಲರೂ ಒಪ್ಪಿ, ಬರೆದಿಟ್ಟುಕೊಂಡು ಹೊರಡಿ. ದಣಿದ ತಲೆಗೆ ಅಲ್ಲಿ ಈ ತೀರ್ಮಾನ ತಗೊಳ್ಳೋಕೆ ಆಗೋದಿಲ್ಲ.

ಬಾವಿ ಸಿಕ್ಕಿತು ಅಂತ ನೀರು ಸಿಕ್ಕ ಹಾಗಲ್ಲ. ಇದು ನಮ್ಮ ಜಿಲ್ಲೆಗಳವರಿಗೆ ಬೇಗ ಅರ್ಥ ಆಗುತ್ತದೆ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮಕ್ಕಳ ಹಲ್ಲು ಕಂದಾಗಿರೋದನ್ನು ನೋಡಿಯೇ ಬೆಳೆದವರು ನಾವು. ಥಾರ್‌ನಲ್ಲೂ ಅಂತರ್ಜಲದ ಕಥೆ ಅದೇ, ಜೊತೆಗೆ ಉಪ್ಪು. ಕುದಿಸಿದರೆ, ಕ್ಲೋರಿನ್ ಮಾತ್ರೆ ಹಾಕಿದರೆ ರೋಗಾಣು ಸಾಯುತ್ತದೆ, ಉಪ್ಪು, ಫ್ಲೋರೈಡ್ ಹೋಗೋದಿಲ್ಲ. ಕುದಿಸಿದಷ್ಟೂ ಉಪ್ಪು ಗಟ್ಟಿಯಾಗುತ್ತದೆ. ನಾಲಿಗೆಗೆ ಉಪ್ಪುಪ್ಪು ಅನಿಸಿದ ನೀರನ್ನು ಬಾಯಾರಿಕೆಗೆ ಕುಡಿಯಬೇಡಿ, ಬಾಯಾರಿಕೆ ಇನ್ನೂ ಜಾಸ್ತಿ ಆಗುತ್ತದೆ. ಹಳ್ಳಿಗಳಲ್ಲಿ ಮಳೆನೀರು ಹಿಡಿದಿಡುವ ಟಾಂಕಾ ಅನ್ನೋ ನೆಲಮಾಳಿಗೆ ತೊಟ್ಟಿಗಳಿವೆ. ವರ್ಷಕ್ಕೆ 200 ಮಿ.ಮೀ. ಮಳೆಯೂ ಸರಿಯಾಗಿ ಬೀಳದ ಊರಿನಲ್ಲಿ ಅದು ಒಂದು ಮನೆಯವರ ಕುಡಿಯೋ ನೀರು. ಕೇಳದೆ ಮುಚ್ಚಳ ಎತ್ತಬೇಡಿ. ಕೇಳಿದರೆ ಕೊಡುತ್ತಾರೆ, ಕೊಟ್ಟಾಗ ಒಂದು ಚೊಂಬು ಕುಡಿದು ನಿಲ್ಲಿಸಿ. ನಿಮ್ಮ ಕ್ಯಾನ್ ತುಂಬಿಸಿಕೊಳ್ಳೋದು ಟ್ಯಾಂಕರ್ ನೀರಿನಿಂದ, ದುಡ್ಡು ಕೊಟ್ಟು.

ಮರಳಿನ ಮೇಲೆ ಬಳ್ಳಿಯಲ್ಲಿ ಪುಟ್ಟ ಕಲ್ಲಂಗಡಿ ಹಾಗೆ ಕಾಣುವ ಕಾಯಿಗಳು ಬಿದ್ದಿರುತ್ತವೆ. ಅಲ್ಲಿನವರ ಭಾಷೆಯಲ್ಲಿ ಅದರ ಹೆಸರೇ 'ತುಂಬಾ'. ವಿಪರೀತ ಕಹಿ, ತಿಂದರೆ ಭೇದಿ ಹತ್ತಿ ಮೈಯಲ್ಲಿರೋ ನೀರೂ ಹೋಗುತ್ತದೆ. ಮುಟ್ಟಬೇಡಿ.

ಒಬ್ಬರಿಗೆ ಎಷ್ಟು ನೀರು ಅನ್ನೋ ನಿಮ್ಮ ಪ್ರಶ್ನೆಗೆ ಆರು ಲೀಟರ್ ಅಂದೆ. ಅದು ಸರಾಸರಿ. ನಿಮ್ಮ ನಿಮ್ಮ ಮೈ ಎಷ್ಟು ಬೆವರುತ್ತದೆ ಅನ್ನೋದನ್ನು ಗೌರಿಬಿದನೂರಿನಲ್ಲೇ ಅಳೆದುಕೊಳ್ಳಬಹುದು. ಒಂದು ತೂಕದ ಯಂತ್ರ ಸಾಕು. ಒಳಚಡ್ಡಿಯಲ್ಲಿ ನಿಂತು ತೂಕ ನೋಡಿ. ಹೊರೆ ಹೊತ್ತು ಎರಡು ಗಂಟೆ ನಡೆದು ಬನ್ನಿ. ಬೆವರು ಒರೆಸಿ ಮತ್ತೆ ತೂಕ ನೋಡಿ. ಇಳಿದ ತೂಕಕ್ಕೆ ನಡುವೆ ಕುಡಿದ ನೀರನ್ನು ಸೇರಿಸಿದರೆ ಎರಡು ಗಂಟೆಯಲ್ಲಿ ಕಳೆದುಕೊಂಡ ನೀರು ಗೊತ್ತಾಗುತ್ತದೆ. 60 ಕಿಲೋದವರು ಒಂದು ಕಿಲೋ ಇನ್ನೂರು ಗ್ರಾಂ ಕಳೆದುಕೊಂಡರೆ ಅದು ತೂಕದ ಶೇ. 2. ಅಷ್ಟಕ್ಕೇ ನಡಿಗೆ ನಿಧಾನ ಆಗುತ್ತದೆ, ತಲೆ ಮಂಕಾಗುತ್ತದೆ. ಐದು ಜನರಲ್ಲಿ ಒಬ್ಬರು ಗಂಟೆಗೆ ಅರ್ಧ ಲೀಟರ್, ಇನ್ನೊಬ್ಬರು ಒಂದು ಲೀಟರ್ ಬೆವರಿದರೆ ಆಶ್ಚರ್ಯ ಇಲ್ಲ. ಒಣ ಹವೆಯಲ್ಲಿ ಬೆವರು ಅಲ್ಲೇ ಆರಿಹೋಗುವುದರಿಂದ ಅಂಗಿ ಒದ್ದೆಯೇ ಆಗೋದಿಲ್ಲ, ಬೆವರಿಲ್ಲ ಅಂದುಕೊಳ್ಳುತ್ತೀರಿ. ಮೂತ್ರದ ಬಣ್ಣ ನೋಡಿಕೊಳ್ಳಿ. ತೆಳು ಹಳದಿ ಸರಿ, ಗಾಢವಾದರೆ ನೀರು ಸಾಲದು.

ಇದರ ಇನ್ನೊಂದು ಮಗ್ಗುಲೂ ಇದೆ. ಭಯಕ್ಕೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ನೀರಿನ ಜೊತೆ ಉಪ್ಪು ಹೋಗಬೇಕು. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಊಟಕ್ಕೆ ಹುರಿಹಿಟ್ಟು, ಅವಲಕ್ಕಿ, ಕಡ್ಲೆಮಿಠಾಯಿ, ಚಟ್ನಿಪುಡಿ ಚೆನ್ನಾಗಿ ಒದಗುತ್ತದೆ. ಮುದ್ದೆ ಆಸೆ ಬಿಡಿ, ಬೇಯಿಸೋಕೂ ಪಾತ್ರೆ ತೊಳೆಯೋಕೂ ನೀರು ಜಾಸ್ತಿ ಬೇಡುತ್ತದೆ. ಅಲ್ಲಿ ಪಾತ್ರೆಯನ್ನು ಒಣ ಮರಳಿನಲ್ಲೇ ಉಜ್ಜುತ್ತಾರೆ, ಚೊಕ್ಕಟವಾಗುತ್ತದೆ. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ, ಅಲ್ಲೇ ವ್ಯವಸ್ಥೆ ಮಾಡಿಕೊಳ್ಳಿ. ಸೌದೆಗೆ ಅಂತ ಖೇಜ್ರಿ ಮರದ ಕೊಂಬೆ ಮುರಿಯಬೇಡಿ. ನಾವು ದಸರೆಗೆ ಪೂಜಿಸುವ ಬನ್ನಿ ಮರವೇ ಅದು. ಆ ಮರ ಉಳಿಸೋಕೆ 1730ರಲ್ಲಿ ಜೋಧಪುರದ ಹತ್ತಿರ ಖೇಜರ್ಲಿಯಲ್ಲಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟಿದ್ದಾರೆ.

52 ವರ್ಷದ ನಿಮ್ಮ ಗೆಳೆಯರ ವಿಷಯ. ವಯಸ್ಸು ಅಡ್ಡಿ ಅಲ್ಲ, ಮಾತ್ರೆ ಯಾವುದು ಅನ್ನೋದು ಮುಖ್ಯ. ಕೆಲವು ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧ ಸೇರಿರುತ್ತದೆ. ಇನ್ನು ಕೆಲವು, ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ತೊಂದರೆ ಕೊಡಬಹುದು. ಅವರು ಸ್ಟ್ರಿಪ್ ತಗೊಂಡು ಹೋಗಿ ತಮ್ಮ ಡಾಕ್ಟರಿಗೆ ತೋರಿಸಲಿ, ನಾಲ್ಕು ದಿನ ಒಣ ಹವೆಯಲ್ಲಿ ನಡೆಯುತ್ತೇನೆ ಅಂತ ಸ್ಪಷ್ಟವಾಗಿ ಹೇಳಿ ಕೇಳಲಿ. ತಾವಾಗಿ ಮಾತ್ರೆ ನಿಲ್ಲಿಸೋದಂತೂ ಬೇಡ. ಉಪ್ಪಿನ ನೀರು ಎಷ್ಟು ಕುಡಿಯಬಹುದು ಅನ್ನೋದನ್ನೂ ಡಾಕ್ಟರೇ ಹೇಳಬೇಕು.

ಸ್ಯಾಟಲೈಟ್ ಫೋನ್ ಖಂಡಿತ ತರಿಸಬೇಡಿ. ಥುರಾಯಾ, ಇರಿಡಿಯಂ ಫೋನ್‌ಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳೋದೇ ಅಪರಾಧ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನಗಳೂ ಇದೇ ಕಾನೂನಿನಡಿ ಬರುತ್ತವೆ. ಅದು ಚೀಲದಲ್ಲಿತ್ತು ಅಂತ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದ ವಿದೇಶಿ ಚಾರಣಿಗರಿದ್ದಾರೆ. ನೀವು ಹೋಗುತ್ತಿರೋದು ಪಾಕಿಸ್ತಾನದ ಗಡಿ ಇರುವ ಜಿಲ್ಲೆಗೆ, ಅಲ್ಲಿ ಇದನ್ನು ಯಾರೂ ಹಗುರವಾಗಿ ನೋಡೋದಿಲ್ಲ. ಡ್ರೋನ್ ಕೂಡ ಮನೆಯಲ್ಲೇ ಇರಲಿ.

ಗಡಿ ಅಂದಕೂಡಲೇ ಅನುಮತಿ ವಿಷಯ. ಗಡಿಗೆ ಹತ್ತಿರದ ಪ್ರದೇಶಗಳಿಗೆ ಹೊರಗಿನವರು ಹೋಗೋಕೆ ಜಿಲ್ಲಾಡಳಿತದ ಒಪ್ಪಿಗೆ ಬೇಕು. ಸಮ್, ಖುರಿ ಸುತ್ತಮುತ್ತ 3,162 ಚದರ ಕಿ.ಮೀ.ನ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ, ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಕೊನೆಯ ದೊಡ್ಡ ನೆಲೆ ಅದು. ಅದರೊಳಗೆ ಕಾಲಿಡೋಕೆ ಅರಣ್ಯ ಇಲಾಖೆಯನ್ನು ಕೇಳಬೇಕು. ಪೋಖ್ರಾನ್ ಕಡೆ ಸೇನೆಯ ಫೈರಿಂಗ್ ರೇಂಜ್ ಇದೆ, ಆ ಕಡೆ ತಲೆಯೇ ಹಾಕಬೇಡಿ. ಆ ಭಾಗದಲ್ಲಿ ಮರಳಿನಲ್ಲಿ ಯಾವ ಲೋಹದ ತುಂಡು ಕಂಡರೂ ಮುಟ್ಟಬಾರದು, ಸಿಡಿಯದೆ ಉಳಿದ ಶೆಲ್ ಇರಬಹುದು. ಮ್ಯಾಪ್ ಮೇಲೆ ಖಾಲಿ ಕಂಡ ಜಾಗವೆಲ್ಲ ನಡೆಯೋಕೆ ಬಿಟ್ಟಿರೋ ಜಾಗ ಅಲ್ಲ. ಹೊರಡೋ ತಿಂಗಳು ಮುಂಚೆ ದಾರಿಯ ನಕಲು ಹಿಡಿದು ಜೈಸಲ್ಮೇರ್‌ನ ಈ ಕಚೇರಿಗಳಿಗೆ ಪತ್ರ ಬರೆಯಿರಿ, ಪೊಲೀಸ್ ಠಾಣೆಗೂ ಒಂದು ಪ್ರತಿ.

ಮೊಬೈಲ್ ಮ್ಯಾಪ್ ಇರಲಿ, ಆಫ್‌ಲೈನ್ ಇಳಿಸಿಕೊಂಡು. ಎರಡು ಫೋನಿನಲ್ಲಿ, ಎರಡು ಪವರ್ ಬ್ಯಾಂಕ್ ಜೊತೆ. ಆದರೆ ರಾತ್ರಿಯ ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ, ಮಲಗೋ ಚೀಲದೊಳಗೆ ಇಟ್ಟುಕೊಂಡು ಮಲಗಿ. ಪ್ರಿಂಟ್ ಹಾಕಿದ ನಕ್ಷೆ, ಒಂದು ಸಾದಾ ದಿಕ್ಸೂಚಿ ಬೇಕೇ ಬೇಕು. ಧ್ರುವ ನಕ್ಷತ್ರ ಹುಡುಕೋದನ್ನು ಊರಲ್ಲೇ ಅಭ್ಯಾಸ ಮಾಡಿ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ಆ ಊರಿನ ಅಕ್ಷಾಂಶ. ಗೌರಿಬಿದನೂರು ಹದಿಮೂರೂವರೆ ಡಿಗ್ರಿ ಹತ್ತಿರ, ಜೈಸಲ್ಮೇರ್ 27. ತೋಳು ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಇಲ್ಲಿ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ ಮಂಜಿನಲ್ಲಿ, ಲೈಟಿನಲ್ಲಿ ಮುಚ್ಚಿಹೋಗುವ ನಕ್ಷತ್ರ ಅಲ್ಲಿ ಮೂರು ಮುಷ್ಟಿ ಹತ್ತಿರಕ್ಕೆ ಏರಿ ನಿಂತಿರುತ್ತದೆ.

ದಾರಿ ತಪ್ಪಿದರೆ ಏನು ಮಾಡಬೇಕು ಅನ್ನೋದು ಎಲ್ಲಕ್ಕಿಂತ ದೊಡ್ಡ ಪಾಠ. 1994ರಲ್ಲಿ ಮೊರಾಕ್ಕೋದ ಸಹಾರಾದಲ್ಲಿ ನಡೆದ ಓಟದ ಸ್ಪರ್ಧೆಯಲ್ಲಿ ಇಟಲಿಯ ಮೌರೋ ಪ್ರೊಸ್ಪೆರಿ ಮರಳು ಬಿರುಗಾಳಿಗೆ ಸಿಕ್ಕಿದರು. ಗಾಳಿಯಲ್ಲೂ ಮುಂದಕ್ಕೆ ಹೋದರು. ದಾರಿ ತಪ್ಪಿ ಗಡಿ ದಾಟಿ ಅಲ್ಜೀರಿಯಾಕ್ಕೆ ಹೋಗಿ, ಒಂಬತ್ತು ಹತ್ತು ದಿನದ ಮೇಲೆ ಸಿಕ್ಕರು. ಬದುಕಿದ್ದೇ ದೊಡ್ಡದು. ಗಾಳಿ ಎದ್ದು ಕಣ್ಣಿಗೆ ಏನೂ ಕಾಣದೆ ಹೋದರೆ ನಿಂತಲ್ಲೇ ಕೂರಿ. ಮೂಗು ಬಾಯಿಗೆ ಒದ್ದೆ ಬಟ್ಟೆ, ಗಾಳಿಗೆ ಬೆನ್ನು, ಐದೂ ಜನ ಕೈಗೆಟುಕುವಷ್ಟು ಹತ್ತಿರ. ಹಗಲಲ್ಲಿ ದಾರಿ ತಪ್ಪಿತು ಅನಿಸಿದರೂ ಅಷ್ಟೇ. ಬಂದ ಹೆಜ್ಜೆ ಗುರುತು ಸ್ಪಷ್ಟ ಕಾಣುತ್ತಿದ್ದರೆ ಅದೇ ಗುರುತಿನಲ್ಲಿ ವಾಪಸ್, ಇಲ್ಲದಿದ್ದರೆ ನೆರಳು ಮಾಡಿಕೊಂಡು ಅಲ್ಲೇ ಇರಿ. ಸಿಳ್ಳೆ, ಸಣ್ಣ ಕನ್ನಡಿ, ಗಾಢ ಬಣ್ಣದ ಒಂದು ಬಟ್ಟೆ ಪ್ರತಿಯೊಬ್ಬರ ಜೇಬಿನಲ್ಲಿರಲಿ. ಸಿಗ್ನಲ್ ಸಿಕ್ಕರೆ 112. ಗುಂಪು ಒಡೆದು 'ನೀವಿಲ್ಲೇ ಇರಿ, ನಾನು ನೋಡಿ ಬರ್ತೀನಿ' ಅನ್ನೋದು ಬೇಡವೇ ಬೇಡ.

ಮರುಭೂಮಿಯಲ್ಲಿ ಚಳಿ ಎಂಥದ್ದು ಅಂತ ನಮ್ಮ ಕಡೆಯವರು ಊಹಿಸೋದಿಲ್ಲ. ಜನವರಿ ರಾತ್ರಿ ಏಳೆಂಟು ಡಿಗ್ರಿ ಸಾಮಾನ್ಯ, ಶೀತಗಾಳಿ ಬಂದರೆ ಇನ್ನೂ ಕೆಳಗೆ. ಉಣ್ಣೆ ಟೋಪಿ, ಒಳ್ಳೆ ಮಲಗೋ ಚೀಲ ಇರಲಿ. ಒಣ ಹಳ್ಳದ ತಳ ಮೆತ್ತಗೆ, ಗಾಳಿ ಮರೆಯಾಗಿ ಇದೆ ಅಂತ ಅಲ್ಲಿ ಟೆಂಟ್ ಹಾಕಬೇಡಿ. 2006ರ ಆಗಸ್ಟ್‌ನಲ್ಲಿ ಬಾಡ್ಮೇರ್ ಜಿಲ್ಲೆಯ ಕವಾಸ್ ಇದೇ ಮರುಭೂಮಿಯಲ್ಲಿ ಪ್ರವಾಹಕ್ಕೆ ಮುಳುಗಿತ್ತು. ಗರಗಸ ಮಂಡಲದ ಹಾವು, ಚೇಳು ಚಳಿಗಾಲದಲ್ಲಿ ಓಡಾಡೋದು ಕಡಿಮೆ, ಆದರೂ ಬೆಳಗ್ಗೆ ಬೂಟು ಕೊಡವಿಯೇ ಹಾಕಿ. ಹಾವು ಕಚ್ಚಿದರೆ ಕಟ್ಟು, ಕೊಯ್ತ ಏನೂ ಮಾಡದೆ, ಕಚ್ಚಿದ ಭಾಗ ಅಲ್ಲಾಡಿಸದೆ ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ.

ತಯಾರಿಗೆ ದೂರ ಹೋಗಬೇಕಿಲ್ಲ. ಉತ್ತರ ಪಿನಾಕಿನಿ ನಿಮ್ಮ ಊರ ಪಕ್ಕದಲ್ಲೇ ಇದೆ. ಅದರ ಒಣ ಪಾತ್ರದಲ್ಲಿ ಎಲ್ಲಿ ಮರಳು ಉಳಿದಿದೆಯೋ ಅಲ್ಲಿ ವಾರಕ್ಕೆ ಎರಡು ಸಲ, 12 ಕಿಲೋ ಹೊತ್ತು ನಡೆಯಿರಿ. ಅರ್ಧ ಗಂಟೆಯಲ್ಲೇ ಮೀನಖಂಡ ಬೇರೆ ಥರ ನೋಯೋಕೆ ಶುರುವಾಗುತ್ತದೆ, ಬೆಟ್ಟ ಹತ್ತಿದ ನೋವಲ್ಲ ಅದು. ಬೂಟಿನೊಳಗೆ ಮರಳು ಹೇಗೆ ಹೋಗುತ್ತದೆ, ಎಲ್ಲಿ ಬೊಬ್ಬೆ ಏಳುತ್ತದೆ ಅಂತಲೂ ಆಗಲೇ ಗೊತ್ತಾಗಲಿ. ಹಳೇ ಜೀನ್ಸ್‌ನ ಕಾಲು ಕತ್ತರಿಸಿ, ಎರಡೂ ತುದಿಗೆ ಎಲಾಸ್ಟಿಕ್ ಹಾಕಿಸಿ, ಬೂಟಿನ ಬಾಯಿ ಮುಚ್ಚುವಂತೆ ಟೈಲರ್ ಹತ್ತಿರ ಹೊಲಿಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ದುಬಾರಿ ಕವರ್ ಮಾಡೋ ಕೆಲಸವನ್ನೇ ಇದೂ ಮಾಡುತ್ತದೆ. ಡಿಸೆಂಬರ್ ಒಳಗೆ ಎರಡು ಹಗಲು ಒಂದು ರಾತ್ರಿ, ಆರು ಲೀಟರ್ ಲೆಕ್ಕದಲ್ಲೇ ಅಡುಗೆ, ಕುಡಿಯೋದು ಎಲ್ಲಾ ಮಾಡಿ ನೋಡಿ. ಆ ರಾತ್ರಿ ಯಾರಿಗಾದರೂ ನೀರು ಸಾಲದೆ ಹೋದರೆ ಲೆಕ್ಕವನ್ನು ಏಳಕ್ಕೆ ಏರಿಸಿ, ಒಂಟೆಯವರಿಗೂ ಮುಂಚೆಯೇ ತಿಳಿಸಿ.

ಕೊನೆಯದಾಗಿ, ಒಂದು ಹಾಳೆಯಲ್ಲಿ ದಿನದಿನದ ದಾರಿ, ರಾತ್ರಿ ತಂಗುವ ಜಾಗ, ಒಂಟೆಯವರ ಮತ್ತು ಜೀಪಿನವರ ನಂಬರ್, ಐದೂ ಜನರ ರಕ್ತದ ಗುಂಪು, ತಗೊಳ್ಳುವ ಮಾತ್ರೆ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಡಿ. ದಿನಾ ಸಂಜೆ ಯಾವ ಹೊತ್ತಿಗೆ ಫೋನ್ ಮಾಡುತ್ತೀರಿ, ಎಷ್ಟು ಹೊತ್ತು ಕಾದು ಅವರು ಜೈಸಲ್ಮೇರ್ ಪೊಲೀಸರಿಗೆ ಫೋನ್ ಮಾಡಬೇಕು ಅನ್ನೋದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ದಾರಿ ಗೊತ್ತುಮಾಡಿದ ಮೇಲೆ ನೀರಿನ ಜಾಗಗಳ ಗುರುತಿನ ಜೊತೆ ನನಗೂ ಕಳಿಸಿ, ನೋಡಿ ಹೇಳುತ್ತೇನೆ.